ಬೀಪ್ ಶಬ್ದ ನಿಲ್ಲಿಸಿಕೊಟ್ಟವರಿಗೆ

ಸಂಜೆ ಪ್ರಾರ್ಥನೆಗೆ ಅಮ್ಮನ ಜೊತೆ ಹೋಗುವುದು ನನ್ನ ಹಳೆಯ ರೂಢಿ. ಕ್ಯಾಮೆರಾ ಹಿಡಿದು ಹೋಗುವುದು ಮಾತ್ರ ಹೊಸದು. ಅಮ್ಮ ಕಣ್ಣು ಮುಚ್ಚಿ ಕೂತ ಒಂದು ಫೋಟೋ ಬೇಕಿತ್ತು, ಅಷ್ಟೇ. ಒಳಗೆ ದೀಪದ ಬೆಳಕು ಬಿಟ್ಟರೆ ಬೇರೇನಿಲ್ಲ. ತೆಗೆದದ್ದೆಲ್ಲ ಮಸುಕು. ಮೇಲಾಗಿ ಪ್ರತಿ ಸಲವೂ 'ಬೀಪ್' ಅಂತ ಸದ್ದು, ಜನ ತಿರುಗಿ ನೋಡುತ್ತಿದ್ದರು.

ಆಗ ನೆಲ ಒರೆಸುತ್ತಿದ್ದ ನೀವು ಬಂದಿರಿ. ಒದ್ದೆ ಕೈಯನ್ನು ಅಂಗಿಗೆ ಎರಡೆರಡು ಸಲ ಒರೆಸಿಕೊಂಡು, "ನೋಡ್ಲಾ?" ಅಂದಿರಿ. ಕ್ಯಾಮೆರಾ ಕೊಟ್ಟೆ. ಬೆಲ್ಟನ್ನು ನನ್ನ ಕತ್ತಿನಿಂದ ತೆಗೆಸಲೇ ಇಲ್ಲ, ನೀವೇ ಬಗ್ಗಿದಿರಿ! ಮೊದಲು ಮಾಡಿದ್ದು ಬೀಪ್ ಮತ್ತು ಮುಂದಿನ ಕೆಂಪು ಫೋಕಸ್ ದೀಪ ಆಫ್ ಮಾಡಿದ್ದು. ಲೆನ್ಸಿನ ಜೂಮ್ 55 ಮಿ.ಮೀ.ನಲ್ಲಿತ್ತು, ಅಗಲವಾಗಿ ಕಾಣುವ 18ಕ್ಕೆ ತಂದಿರಿ. ಅಲ್ಲಿ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 5.6ರ ಬದಲು 3.5ರವರೆಗೆ ತೆರೆಯುತ್ತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಜಾಸ್ತಿ ಒಳಗೆ ಬರುತ್ತೆ ಅಂತ ಪಿಸುಗುಟ್ಟಿದಿರಿ. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಐಎಸ್ಒ 800ರಿಂದ 3200ಕ್ಕೆ ಹೋಯಿತು. ಹಾಗಾಗಿ ಶಟರ್ ವೇಗ, ಅಂದರೆ ಬೆಳಕು ಒಳಗೆ ಬಿಡುವ ಸಮಯ, 1/8 ಸೆಕೆಂಡಿನಿಂದ 1/80 ಸೆಕೆಂಡಿಗೆ ಚುರುಕಾಯಿತು. "ಕಾಳು ಕಾಳಾಗಿ ಬರುತ್ತೆ, ಬರಲಿ ಬಿಡಿ. ಅಲುಗಾಡಿದ್ದನ್ನ ಆಮೇಲೆ ಸರಿ ಮಾಡೋಕಾಗಲ್ಲ."

ಆಮೇಲೆ ನನ್ನ ಮೊಣಕೈಯನ್ನು ಕಂಬಕ್ಕೆ ಒರಗಿಸಿ, ಉಸಿರು ಬಿಡುತ್ತಾ ಒತ್ತಿ ಅಂದಿರಿ. ಒತ್ತಿದೆ. ಅಮ್ಮನ ರೆಪ್ಪೆ ಒಂದೊಂದೂ ಕಾಣುತ್ತಿತ್ತು. ಅಬ್ಬಾ, ಎದೆಯ ಭಾರ ಇಳಿದಂತಾಯಿತು. ಅಮ್ಮನಿಗೆ ಏನೂ ಗೊತ್ತೇ ಆಗಲಿಲ್ಲ, ಅದೇ ಖುಷಿ.

ತಿರುಗುವಷ್ಟರಲ್ಲಿ ನೀವು ಬಕೆಟ್ ಎತ್ತಿಕೊಂಡು ಹೊರಟಿದ್ದಿರಿ. ಇದನ್ನೆಲ್ಲ ಎಲ್ಲಿ ಕಲಿತಿರಿ ಅಂತ ಕೇಳೋಕೂ ಆಗಲಿಲ್ಲ. ದೇವರೇ ಕಳಿಸಿದ ಅಂತಾರೆ ಅಮ್ಮ. ಇರಬಹುದು. ಆದರೆ ಬಗ್ಗಿ ನಿಂತು ಕತ್ತು ನೋಯಿಸಿಕೊಂಡವರು ನೀವು. ತುಂಬಾ ಥ್ಯಾಂಕ್ಸ್. ನಿಮಗೂ ಒಂದು ಪ್ರಿಂಟ್ ತೆಗೆಸಿಟ್ಟಿದ್ದೇನೆ, ಸಿಕ್ಕಾಗ ಕೊಡುತ್ತೇನೆ.