ಸಣ್ಣ ಕಾರ್ಯಕ್ರಮಗಳ ಬೇಸ್ ಆಂಪ್: ವ್ಯಾಟ್ ನೋಡಿ ಕೊಳ್ಳಬೇಡಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಸಂಗೀತೋಪಕರಣಗಳನ್ನು ಪರಿಚಯಿಸುವ ಪತ್ರಿಕಾ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಅವುಗಳಲ್ಲಿ ಗಾಯಕರ ಮೈಕಿಗೂ ಗಿಟಾರಿಗೂ ಸಿಗುವಷ್ಟು ವಿವರವಾದ ಚರ್ಚೆ ಬೇಸ್ ಗಿಟಾರಿಗೆ ಸಿಗುವುದು ಅಪರೂಪ. ಸಿಕ್ಕಾಗಲೂ, ಇಂತಿಷ್ಟು ವ್ಯಾಟ್‌ನ ಆಂಪ್ (ವಾದ್ಯದ ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್) ಇದ್ದರೆ ಸಣ್ಣ ಕಾರ್ಯಕ್ರಮಕ್ಕೆ ಸಾಕು ಎಂಬ ಒಂದು ವಾಕ್ಯದಲ್ಲಿ ಮಾತು ಮುಗಿದುಹೋಗುತ್ತದೆ. ನಲವತ್ತು ಐವತ್ತು ಜನ ಕೂರುವ ಜಾಗಗಳಿಂದ ಹಿಡಿದು ಇನ್ನೂರು ಜನರ ಸಭಾಂಗಣಗಳವರೆಗೆ ಇಪ್ಪತ್ತು ವರ್ಷಗಳಿಂದ ಬೇಸ್ ನುಡಿಸಿಕೊಂಡು ಬಂದಿರುವ ನನಗೆ, ಹೊಸ ವಾದಕರ ಹಣವನ್ನೂ ಬೆನ್ನನ್ನೂ ಈ ಒಂದು ವಾಕ್ಯವೇ ಹೆಚ್ಚಾಗಿ ಹಾಳುಮಾಡಿದೆ ಎನ್ನಿಸಿದೆ. ವ್ಯಾಟ್ ಎಂಬುದು ಕೊಳ್ಳುವವರು ಎಲ್ಲಕ್ಕಿಂತ ಕೊನೆಗೆ ನೋಡಬೇಕಾದ ಸಂಖ್ಯೆ. ಮೊದಲು ನೋಡಬೇಕಾದದ್ದು ಸ್ಪೀಕರ್ ಮತ್ತು ಅದನ್ನು ಕೂರಿಸಿರುವ ಪೆಟ್ಟಿಗೆ, ಆಮೇಲೆ ಅದರ ತೂಕ. ಏಕೆಂಬುದನ್ನು ತಮ್ಮ ಓದುಗರ ಮುಂದೆ ಸ್ವಲ್ಪ ಬಿಡಿಸಿ ಹೇಳಲು ಅವಕಾಶ ಕೋರುತ್ತೇನೆ.

ನಾಲ್ಕು ತಂತಿಯ ಬೇಸ್ ಗಿಟಾರಿನಲ್ಲಿ ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಐದು ತಂತಿಯ ವಾದ್ಯದ ಬಿ ತಂತಿ ಸುಮಾರು 31 ಸಲ. 41 ಹರ್ಟ್ಸ್‌ನ ಅಲೆಯ ಉದ್ದ ಗಾಳಿಯಲ್ಲಿ ಎಂಟು ಮೀಟರಿಗೂ ಹೆಚ್ಚು. ಇಷ್ಟು ಮಂದ್ರದ ನಾದ ಸಭೆಗೆ ಕೇಳಿಸಬೇಕಾದರೆ ಸ್ಪೀಕರ್ ಬಹಳಷ್ಟು ಗಾಳಿಯನ್ನು ತಳ್ಳಬೇಕು. ಅದೇ ಜೋರಿನಲ್ಲಿ ಒಂದು ಸ್ಥಾಯಿ ಕೆಳಗಿನ ಸ್ವರವನ್ನು ಹೊಮ್ಮಿಸಲು ಅದರ ಕೋನ್ (ಗಾಳಿಯನ್ನು ತಳ್ಳುವ ಶಂಕುವಿನಾಕಾರದ ಪರದೆ) ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಾಡಬೇಕಾಗುತ್ತದೆ. ಚಿಕ್ಕ ಸ್ಪೀಕರಿನ ಕೋನ್‌ಗೆ ಆ ಓಡಾಟಕ್ಕೆ ಜಾಗವಿರುವುದಿಲ್ಲ. ಆಂಪ್‌ನಲ್ಲಿ ಶಕ್ತಿ ಇನ್ನೂ ಉಳಿದಿರುವಾಗಲೇ ಕೋನ್ ತನ್ನ ಎಲ್ಲೆಯನ್ನು ಮುಟ್ಟಿ, ನಾದ ಒಡೆದು ಕೇಳತೊಡಗುತ್ತದೆ. ಧ್ವನಿವರ್ಧಕಗಳನ್ನು ವಿನ್ಯಾಸ ಮಾಡುವವರಲ್ಲಿ ಹಾಫ್‌ಮನ್ ಅವರ ಹೆಸರಿನ ನಿಯಮವೊಂದು ಬಳಕೆಯಲ್ಲಿದೆ. ಪೆಟ್ಟಿಗೆ ಚಿಕ್ಕದಾಗಿರಬೇಕು, ಮಂದ್ರ ಆಳಕ್ಕೆ ಇಳಿಯಬೇಕು, ಕಡಿಮೆ ಶಕ್ತಿಯಲ್ಲೇ ಜೋರಾಗಿ ಕೇಳಬೇಕು ಎಂಬ ಮೂರು ಬೇಡಿಕೆಗಳಲ್ಲಿ ಎರಡನ್ನು ಮಾತ್ರ ಒಟ್ಟಿಗೆ ಈಡೇರಿಸಲು ಸಾಧ್ಯ ಎನ್ನುವುದು ಆ ನಿಯಮ. ಮೂರನ್ನೂ ಕೊಡುತ್ತೇವೆ ಎನ್ನುವ ಜಾಹೀರಾತನ್ನು ಕಂಡಾಗ, ಯಾವುದನ್ನು ಬಿಟ್ಟುಕೊಟ್ಟಿದ್ದಾರೆ ಎಂದು ಹುಡುಕುವುದು ಕೊಳ್ಳುವವರ ಮೊದಲ ಕೆಲಸವಾಗಬೇಕು.

ನಾನು ಅದನ್ನು ಹುಡುಕದೆ ಕೆಟ್ಟೆ. ದೊಡ್ಡ ಪೆಟ್ಟಿಗೆ ಹೊತ್ತು ಸೊಂಟ ನೋವು ಬಂದ ಮೇಲೆ, ಎಂಟು ಇಂಚಿನ ಒಂದೇ ಸ್ಪೀಕರ್ ಇದ್ದ ಪುಟ್ಟ ಕಾಂಬೋ (ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವಂಥದು) ಒಂದನ್ನು, ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದ ವ್ಯಾಟ್ ಸಂಖ್ಯೆಯನ್ನು ನಂಬಿ ತಂದೆ. ಮನೆಯಲ್ಲಿ ಅದರ ನಾದ ಮನಸ್ಸು ತುಂಬುವಂತಿತ್ತು. ಮೊದಲ ಕಾರ್ಯಕ್ರಮದಲ್ಲಿ ಡ್ರಮ್ಸ್ ನುಡಿಸುವ ಗೆಳೆಯ ಕೋಲು ಎತ್ತಿದ ಕ್ಷಣದಿಂದ ನನ್ನ ಕೆಳಗಿನ ಎರಡು ತಂತಿಗಳು ಕೇಳಿಸಲೇ ಇಲ್ಲ. ಬೇಸ್ ನಾಬನ್ನು ಇನ್ನಷ್ಟು ತಿರುಗಿಸಿದೆ. ಪರಪರ ಎಂಬ ಸದ್ದು ಬಂತು. ಎರಡನೆಯ ಭಾಗ ಮುಗಿಯುವ ಹೊತ್ತಿಗೆ ಸ್ಪೀಕರಿನ ಸುರುಳಿ ಸುಟ್ಟ ವಾಸನೆ ವೇದಿಕೆಗೆಲ್ಲ ಹರಡಿತ್ತು. ಪೆಟ್ಟಿಗೆಯ ಮೇಲಿದ್ದದ್ದು ಕ್ಷಣಮಾತ್ರ ತಾಳಬಲ್ಲ ಗರಿಷ್ಠ ಶಕ್ತಿಯ ಸಂಖ್ಯೆ, ನಿರಂತರವಾಗಿ ಕೊಡಬಲ್ಲ ಆರ್‌ಎಂಎಸ್ ಶಕ್ತಿ ಅದರ ಅರ್ಧಕ್ಕಿಂತ ಕಡಿಮೆ ಎಂಬುದು ಕೈಪಿಡಿಯ ಕೊನೆಯ ಪುಟದ ಸಣ್ಣಕ್ಷರಗಳಿಂದ ಆಮೇಲೆ ತಿಳಿಯಿತು.

ಆ ನಷ್ಟದ ನಂತರ ಕಲಿತ ಲೆಕ್ಕ ಸರಳವಾಗಿದೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರ್ ಎಷ್ಟು ಡೆಸಿಬಲ್ ಕೇಳಿಸುತ್ತದೆ ಎಂಬುದೇ ಅದರ ಸೆನ್ಸಿಟಿವಿಟಿ. 97 ಡೆಸಿಬಲ್ ಸೆನ್ಸಿಟಿವಿಟಿಯ ಪೆಟ್ಟಿಗೆಗೆ 100 ವ್ಯಾಟ್ ಕೊಟ್ಟರೂ, 90 ಡೆಸಿಬಲ್‌ನ ಪೆಟ್ಟಿಗೆಗೆ 500 ವ್ಯಾಟ್ ಕೊಟ್ಟರೂ ಕಾಗದದ ಮೇಲೆ ಬರುವ ಮೊತ್ತ ಒಂದೇ, ಸುಮಾರು 117 ಡೆಸಿಬಲ್. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಸಿಗುವುದು 3 ಡೆಸಿಬಲ್ ಮಾತ್ರ. ಕಿವಿಗೆ ಸದ್ದು ಎರಡು ಪಟ್ಟಾಯಿತು ಎನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಹೀಗಿರುವಾಗ 300 ವ್ಯಾಟ್‌ನ ಆಂಪ್ ಬಿಟ್ಟು 500 ವ್ಯಾಟ್‌ನದಕ್ಕೆ ಹೋಗುವುದರಿಂದ ವೇದಿಕೆಯ ಮೇಲೆ ಆಗುವ ವ್ಯತ್ಯಾಸ ಬಹಳ ಕಡಿಮೆ. ಒಳ್ಳೆಯ ಪೆಟ್ಟಿಗೆಯಿಂದ ಆಗುವ ವ್ಯತ್ಯಾಸ ದೊಡ್ಡದು. ಆದರೆ ಸೆನ್ಸಿಟಿವಿಟಿಯ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬಾರದು, ಏಕೆಂದರೆ ಅದನ್ನು ಸಾಮಾನ್ಯವಾಗಿ ಮಧ್ಯಸ್ಥಾಯಿಯ ಸ್ವರಗಳನ್ನು ಸೇರಿಸಿಯೇ ಅಳೆದಿರುತ್ತಾರೆ. ಆ ಪೆಟ್ಟಿಗೆ ಎಷ್ಟು ಹರ್ಟ್ಸ್‌ವರೆಗೆ ಇಳಿಯುತ್ತದೆ, ಅಲ್ಲಿ ಎಷ್ಟು ಡೆಸಿಬಲ್ ಕುಸಿದಿರುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು.

ತೂಕದ ವಿಷಯಕ್ಕೆ ಬರುತ್ತೇನೆ. ಆಂಪೆಗ್ ಸಂಸ್ಥೆ 1960ರಲ್ಲಿ ತಂದ ಬಿ-15 ಪೋರ್ಟಾಫ್ಲೆಕ್ಸ್‌ನಲ್ಲಿ ಹದಿನೈದು ಇಂಚಿನ ಒಂದೇ ಸ್ಪೀಕರ್ ಇತ್ತು. ಆಂಪ್ ಭಾಗವನ್ನು ತಲೆಕೆಳಗು ಮಾಡಿ ಪೆಟ್ಟಿಗೆಯೊಳಗೇ ಇಟ್ಟು ಸಾಗಿಸುವ ಜಾಣತನ ಅದರ ವಿನ್ಯಾಸದಲ್ಲಿತ್ತು. ಸಣ್ಣ ಜಾಗಗಳಿಗೆ ಅದರ ನಾದ ಇಂದಿಗೂ ಒಂದು ಮಾದರಿ. ಅದೇ ಸಂಸ್ಥೆಯ 1969ರ ಎಸ್‌ವಿಟಿ ದೊಡ್ಡ ವೇದಿಕೆಗಳಿಗಾಗಿ ಹುಟ್ಟಿದ್ದು: 300 ವ್ಯಾಟ್, ಹತ್ತು ಇಂಚಿನ ಎಂಟು ಸ್ಪೀಕರುಗಳು, ವಾಲ್ವ್ ಮತ್ತು ಟ್ರಾನ್ಸ್‌ಫಾರ್ಮರುಗಳಿಂದ ತುಂಬಿದ ಹೆಡ್ (ಸ್ಪೀಕರ್ ಇಲ್ಲದ ಆಂಪ್ ಭಾಗ) ಒಂದೇ ಸುಮಾರು ನಲವತ್ತು ಕಿಲೋ. ಈಗ ಕ್ಲಾಸ್ ಡಿ ಆಂಪ್ಲಿಫೈಯರುಗಳೂ ಸ್ವಿಚಿಂಗ್ ಪವರ್ ಸಪ್ಲೈಗಳೂ ಬಂದು ಅಷ್ಟೇ ಶಕ್ತಿಯ, ಅದಕ್ಕಿಂತ ಹೆಚ್ಚಿನ ಶಕ್ತಿಯ ಹೆಡ್ ಎರಡು ಕಿಲೋದೊಳಗೆ ಸಿಗುತ್ತದೆ. ಫೆರೈಟ್ ಅಯಸ್ಕಾಂತದ ಜಾಗಕ್ಕೆ ನಿಯೋಡಿಮಿಯಮ್ ಬಂದದ್ದರಿಂದ ಸ್ಪೀಕರಿನ ತೂಕವೂ ಇಳಿದಿದೆ. ಇಳಿಯದೆ ಉಳಿದಿರುವುದು ಪೆಟ್ಟಿಗೆಯೊಳಗಿನ ಗಾಳಿಯ ಅಗತ್ಯ. ಅಲ್ಲಿ ಹಾಫ್‌ಮನ್ ನಿಯಮ ಮೊದಲಿನಂತೆಯೇ ಇದೆ. ಆದ್ದರಿಂದ ಹೆಡ್‌ನಲ್ಲಿ ಉಳಿತಾಯವಾದ ತೂಕವನ್ನು ಸ್ವಲ್ಪ ದೊಡ್ಡ ಪೆಟ್ಟಿಗೆಗೆ ಖರ್ಚುಮಾಡಿ ಎಂದು ನಾನು ಕಿರಿಯರಿಗೆ ಹೇಳುತ್ತಿರುತ್ತೇನೆ.

ಗಾಯನ, ಅಕೂಸ್ಟಿಕ್ ಗಿಟಾರ್, ಕಹೋನ್ (ಕೈಯಲ್ಲಿ ಬಡಿಯುವ ಪೆಟ್ಟಿಗೆಯಾಕಾರದ ತಾಳವಾದ್ಯ) ಇಷ್ಟೇ ಇರುವ ತಂಡಕ್ಕೆ ಹತ್ತು ಇಂಚಿನ ಒಂದು ಸ್ಪೀಕರಿನ, 40ರಿಂದ 100 ವ್ಯಾಟ್‌ನ ಕಾಂಬೋ ಧಾರಾಳವಾಗಿ ಸಾಕು. ಕೋಲಿನಿಂದ ನುಡಿಸುವ ಡ್ರಮ್ಸ್ ಜೊತೆಗಿದ್ದರೆ ಲೆಕ್ಕ ಬದಲಾಗುತ್ತದೆ. ಹನ್ನೆರಡು ಇಂಚಿನ ಒಂದು ಒಳ್ಳೆಯ ಸ್ಪೀಕರಾದರೂ ಹತ್ತು ಇಂಚಿನ ಎರಡಾದರೂ, 300ರಿಂದ 500 ವ್ಯಾಟ್‌ನ ಆಂಪ್‌ನೊಡನೆ ಇರಬೇಕು. ನನ್ನ ಆಯ್ಕೆ ಹನ್ನೆರಡು ಇಂಚಿನ ಒಂದೇ ಬಗೆಯ ಎರಡು ಪುಟ್ಟ ಕ್ಯಾಬಿನೆಟ್‌ಗಳು ಮತ್ತು ಒಂದು ಹಗುರ ಹೆಡ್. ಸಣ್ಣ ಜಾಗಕ್ಕೆ ಒಂದನ್ನು ಒಯ್ಯುತ್ತೇನೆ, ಡ್ರಮ್ಸ್ ಇದ್ದಾಗ ಎರಡನ್ನೂ. ಎರಡೂ ತಲಾ 8 ಓಮ್‌ನವಾದ್ದರಿಂದ (ಓಮ್ ಎಂದರೆ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಜೋಡಿಸಿದಾಗ ಒಟ್ಟು 4 ಓಮ್ ಆಗುತ್ತದೆ. ಬಹುಪಾಲು ಟ್ರಾನ್ಸಿಸ್ಟರ್ ಆಂಪ್‌ಗಳು ತಮ್ಮ ಪೂರ್ಣ ಶಕ್ತಿಯನ್ನು ಕೊಡುವುದು 4 ಓಮ್‌ಗೇ. 8 ಓಮ್‌ನ ಒಂದೇ ಪೆಟ್ಟಿಗೆಗೆ ಅದರ ಅರ್ಧಕ್ಕಿಂತ ತುಸು ಹೆಚ್ಚು ಸಿಗುತ್ತದೆ. ಎರಡನೆಯ ಪೆಟ್ಟಿಗೆ ಸೇರಿದಾಗ ಶಕ್ತಿಯಿಂದ ಬರುವ ಹೆಚ್ಚಳವೂ ಕೋನ್‌ಗಳ ವಿಸ್ತಾರದಿಂದ ಬರುವ ಹೆಚ್ಚಳವೂ ಕೂಡಿ ಸುಮಾರು 5ರಿಂದ 6 ಡೆಸಿಬಲ್ ಏರುತ್ತದೆ, ಅದೂ ಕೋನ್‌ಗಳಿಗೆ ಮೊದಲಿಗಿಂತ ಹೆಚ್ಚು ಶ್ರಮ ಕೊಡದೆ. ಆಂಪ್‌ನ ಹಿಂಭಾಗದಲ್ಲಿ ಬರೆದಿರುವ ಕನಿಷ್ಠ ಓಮ್‌ಗಿಂತ ಕೆಳಗೆ ಮಾತ್ರ ಹೋಗಬಾರದು. ಹೆಡ್‌ನಿಂದ ಪೆಟ್ಟಿಗೆಗೆ ಗಿಟಾರಿನ ಕೇಬಲ್ ಹಾಕುವ ತಪ್ಪನ್ನು ಅನುಭವಿಗಳೂ ಅವಸರದಲ್ಲಿ ಮಾಡುವುದನ್ನು ನೋಡಿದ್ದೇನೆ. ಅದರ ತೆಳು ತಂತಿ ಅಷ್ಟು ವಿದ್ಯುತ್ತನ್ನು ತಾಳುವುದಿಲ್ಲ, ಅಲ್ಲಿಗೆ ಸ್ಪೀಕರ್ ಕೇಬಲ್ಲೇ ಬೇಕು.

ಹೊರಬಲ್ಲೆನೇ ಎಂಬುದಕ್ಕೆ ನನ್ನದೊಂದು ಪರೀಕ್ಷೆಯಿದೆ. ವಾದ್ಯದ ಚೀಲವನ್ನು ಬೆನ್ನಿಗೆ ಹಾಕಿಕೊಂಡು, ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಹಿಡಿದು, ಎಲ್ಲಿಯೂ ನಿಲ್ಲದೆ ಒಂದು ಮಹಡಿಯ ಮೆಟ್ಟಿಲು ಹತ್ತಲು ಆಗಬೇಕು. ಹದಿನಾರು ಹದಿನೇಳು ಕಿಲೋ ನನ್ನ ಮಿತಿ. ಕಾರ್ಯಕ್ರಮ ಮುಗಿದು ನಡುರಾತ್ರಿಯಲ್ಲಿ ದಣಿದು ಇಳಿಯುವಾಗಲೂ ಅದೇ ಮೆಟ್ಟಿಲು ಎದುರಾಗುತ್ತದೆ ಎಂಬುದನ್ನು ಕೊಳ್ಳುವ ದಿನ ಯಾರೂ ನೆನೆಯುವುದಿಲ್ಲ.

ಆಂಪ್ ಒಯ್ಯುವುದೇ ಬೇಡ, ನೇರವಾಗಿ ಸಭಾಂಗಣದ ಪಿಎಗೆ (ಸಭೆಗೆಲ್ಲ ಕೇಳಿಸುವ ಧ್ವನಿವರ್ಧಕ ವ್ಯವಸ್ಥೆಗೆ) ಸೇರಿಸಿದರಾಯಿತು ಎನ್ನುವವರಿದ್ದಾರೆ. ಆ ಪಿಎಯಲ್ಲಿ ಸಬ್‌ವೂಫರ್ ಇದ್ದು, ವಾದಕನಿಗೆ ತನ್ನ ನಾದ ಕೇಳಿಸಿಕೊಳ್ಳಲು ಒಳ್ಳೆಯ ಮಾನಿಟರ್ ಸ್ಪೀಕರ್ ಸಿಗುವಂತಿದ್ದರೆ ಅವರ ಮಾತು ಸರಿ. ಪ್ರೀಆಂಪ್ ಪೆಡಲ್ (ವಾದ್ಯದ ಸಿಗ್ನಲ್ಲನ್ನು ಹದಗೊಳಿಸುವ ಪುಟ್ಟ ಸಾಧನ) ಒಂದನ್ನು ಚೀಲದ ಜೇಬಿನಲ್ಲಿಟ್ಟುಕೊಂಡು ಹೋಗಬಹುದು. ಆದರೆ ಸಣ್ಣ ಕಾರ್ಯಕ್ರಮಗಳ ಪಿಎ ಎಂದರೆ ಹೆಚ್ಚಾಗಿ ಕಂಬದ ಮೇಲೆ ನಿಲ್ಲಿಸಿದ ಎರಡು ಚಿಕ್ಕ ಸ್ಪೀಕರುಗಳು. ಗಾಯಕರ ದನಿಗಾಗಿ ಇಟ್ಟ ಅವುಗಳ ಮೇಲೆ ಬೇಸನ್ನೂ ಹೇರಿದರೆ ಎರಡೂ ಮಸುಕಾಗುತ್ತವೆ. ಅಂಥಲ್ಲಿ ಬೇಸಿನ ಹೊಣೆಯನ್ನು ವಾದಕನ ಆಂಪೇ ಹೊರಬೇಕು. ಆದ್ದರಿಂದ ಯಾವ ಆಂಪ್ ಕೊಂಡರೂ ಅದರಲ್ಲಿ ಡಿಐ ಔಟ್ (ಪಿಎಗೆ ಸಿಗ್ನಲ್ ಕಳುಹಿಸುವ ಕಿಂಡಿ) ಇರಲಿ, ಜೊತೆಗೆ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ತಗ್ಗಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ಚೂ, ಸಿಗ್ನಲ್ಲನ್ನು ಇಕ್ಯುವಿನ (ಮಂದ್ರ, ಮಧ್ಯ, ತಾರಗಳನ್ನು ಏರಿಸಿ ಇಳಿಸುವ ಭಾಗದ) ಮುಂಚೆ ಕಳುಹಿಸಬೇಕೋ ಆಮೇಲೋ ಎಂದು ಆರಿಸುವ ಸ್ವಿಚ್ಚೂ ಇರಲಿ. ನಾನು ಯಾವಾಗಲೂ ಮುಂಚಿನದನ್ನೇ ಕಳುಹಿಸುತ್ತೇನೆ. ವೇದಿಕೆಯ ಮೇಲೆ ನನ್ನ ಕಿವಿಗೆ ಬೇಕಾದಂತೆ ನಾಬ್ ತಿರುಗಿಸಿದಾಗ ಸಭೆಯಲ್ಲಿ ಕುಳಿತವರ ನಾದ ಕೆಡುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ಆರಿಸಿ ತಂದವರೂ ಎಡವುವುದು ಆಂಪನ್ನು ಇಡುವ ಜಾಗದಲ್ಲಿ. ವೇದಿಕೆಯ ಮೂಲೆಯಲ್ಲಿ ಇಟ್ಟರೆ ಎರಡು ಗೋಡೆ ಮತ್ತು ನೆಲ ಸೇರಿ ಮಂದ್ರವನ್ನು ಹಿಗ್ಗಿಸುತ್ತವೆ. ಕೋಣೆಯ ಅಳತೆಗೆ ಹೊಂದುವ ಒಂದೆರಡು ಸ್ವರಗಳು ಗುಂಯ್ ಎಂದು ಎದ್ದು ನಿಲ್ಲುತ್ತವೆ, ಪಕ್ಕದ ಸ್ವರಗಳು ಸತ್ತಂತೆ ಕೇಳುತ್ತವೆ. ಆಂಪ್ ದುರ್ಬಲವಾಗಿದ್ದಾಗ ಮೂಲೆಯ ಈ ಸಹಾಯ ಬೇಕಾಗಬಹುದು, ಹೆಚ್ಚಿನ ಸಂದರ್ಭಗಳಲ್ಲಿ ಅದು ಕಾಟ. ಅರ್ಧ ಮೀಟರ್ ಈಚೆಗೆ ಸರಿಸಿ ಕೇಳುವುದು, ಗಟ್ಟಿ ಕುರ್ಚಿಯ ಮೇಲೋ ಸ್ಟ್ಯಾಂಡಿನ ಮೇಲೋ ಎತ್ತಿಡುವುದು, ಹಿಂದಕ್ಕೆ ವಾಲಿಸಿ ಸ್ಪೀಕರಿನ ಮುಖವನ್ನು ಕಿವಿಯತ್ತ ತಿರುಗಿಸುವುದು ಖರ್ಚಿಲ್ಲದ ಉಪಾಯಗಳು. ನೆಲದ ಮೇಲಿಟ್ಟ ಆಂಪ್‌ನ ಪಕ್ಕದಲ್ಲೇ ನಿಂತವನ ಮೊಣಕಾಲಿಗೆ ಕೇಳಿಸುವ ಸ್ಪಷ್ಟತೆ ಅವನ ಕಿವಿಗೆ ತಲುಪುವುದಿಲ್ಲ. ತನಗೆ ಕೇಳಿಸುತ್ತಿಲ್ಲವೆಂದು ಅವನು ಜೋರು ಮಾಡುತ್ತಾನೆ, ಮುಂದಿನ ಸಾಲಿನಲ್ಲಿ ಕುಳಿತವರು ಕಿವಿ ಮುಚ್ಚಿಕೊಳ್ಳುತ್ತಾರೆ.

ಮನೆಯ ಇಕ್ಯು ವೇದಿಕೆಯಲ್ಲಿ ಕೆಲಸಕ್ಕೆ ಬಾರದಿರುವುದಕ್ಕೂ ಸ್ಪಷ್ಟ ಕಾರಣವಿದೆ. ಸದ್ದು ಮೆಲ್ಲಗಿದ್ದಾಗ ಮನುಷ್ಯರ ಕಿವಿ ಮಂದ್ರವನ್ನು ಮಧ್ಯಸ್ಥಾಯಿಗಿಂತ ಬಹಳ ಕಡಿಮೆ ಗ್ರಹಿಸುತ್ತದೆ, ಜೋರು ಹೆಚ್ಚಿದಂತೆ ಆ ಅಂತರ ಕುಗ್ಗುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ಮನೆಯಲ್ಲಿ ಮೆಲ್ಲಗೆ ನುಡಿಸುತ್ತ ಇಂಪಾಗಿ ಕೇಳಲೆಂದು ಏರಿಸಿದ ಮಂದ್ರ, ವೇದಿಕೆಯ ಜೋರಿನಲ್ಲಿ ಕೆಸರಾಗುತ್ತದೆ. ಅಲ್ಲಿ ಬೇಸ್ ನಾಬನ್ನು ಇಳಿಸಿ, 250ರಿಂದ 800 ಹರ್ಟ್ಸ್ ನಡುವಣ ಮಧ್ಯಭಾಗವನ್ನು ಕೊಂಚ ಏರಿಸಿ ನೋಡಿ. ಒಂಟಿಯಾಗಿ ಕೇಳಿದಾಗ ಒರಟೆನಿಸುವ ಆ ನಾದ ತಂಡದ ನಡುವೆ ಪ್ರತಿ ಸ್ವರವನ್ನೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಮೂಲಸ್ವರ ಕ್ಷೀಣವಾಗಿದ್ದರೂ ಅದರ ಮೇಲಿನ ಹಾರ್ಮೋನಿಕ್‌ಗಳಿಂದ ಕಿವಿ ಸ್ವರವನ್ನು ಗುರುತಿಸಿಕೊಳ್ಳಬಲ್ಲದು. ಈ ಕಾರಣದಿಂದಲೇ ನನ್ನ ಚೀಲದಲ್ಲಿ ಎಲ್ಲಕ್ಕಿಂತ ಉಪಕಾರಿಯಾದ ವಸ್ತು ಒಂದು ಪುಟ್ಟ ಹೈಪಾಸ್ ಫಿಲ್ಟರ್ ಪೆಡಲ್. 35ರಿಂದ 50 ಹರ್ಟ್ಸ್ ಆಸುಪಾಸಿನಿಂದ ಕೆಳಗಿನದನ್ನು ಅದು ತಗ್ಗಿಸುತ್ತದೆ. ತಂತಿಗೆ ಬೆರಳು ತಾಗಿದಾಗಿನ ದಡಬಡ ಸದ್ದಿಗೆ ವ್ಯರ್ಥವಾಗಿ ಓಡಾಡುತ್ತಿದ್ದ ಕೋನ್ ನಿರಾಳವಾಗಿ, ಅದೇ ಚಿಕ್ಕ ಪೆಟ್ಟಿಗೆಯಿಂದ ಇನ್ನಷ್ಟು ಜೋರು ಹೊರಡುತ್ತದೆ. ಸುಟ್ಟುಹೋದ ಆ ಕಾಂಬೋಗೆ ಇದನ್ನು ಹಾಕಿದ್ದಿದ್ದರೆ ಅದು ಆ ಸಂಜೆಯನ್ನು ದಾಟುತ್ತಿತ್ತೋ ಏನೋ.

ಉಳಿದದ್ದು ಸಣ್ಣ ಸಾಮಾನುಗಳು. ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಇರುವ ವಾದ್ಯ) ಇದ್ದವರು 9 ವೋಲ್ಟ್‌ನ ಹೊಸ ಬ್ಯಾಟರಿ ಒಂದನ್ನು ಜೊತೆಗಿಟ್ಟುಕೊಳ್ಳಬೇಕು ಮತ್ತು ನುಡಿಸದಿರುವಾಗ ವಾದ್ಯದಿಂದ ಕೇಬಲ್ ಕಿತ್ತಿಡಬೇಕು, ಏಕೆಂದರೆ ಕೇಬಲ್ ಸಿಕ್ಕಿಸಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ. ಹೆಚ್ಚುವರಿ ಕೇಬಲ್, ಟ್ಯೂನರ್, ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡ್ ಇರಲಿ. ಇಯರ್‌ಪ್ಲಗ್‌ಗಳನ್ನು ಮರೆಯಬೇಡಿ. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬಲ್ ಎಂಬ ಮಿತಿಯಲ್ಲಿ, ಪ್ರತಿ 3 ಡೆಸಿಬಲ್ ಏರಿಕೆಗೆ ಸುರಕ್ಷಿತ ಸಮಯ ಅರ್ಧವಾಗುತ್ತ ಹೋಗುತ್ತದೆ. ಡ್ರಮ್ಸ್ ಪಕ್ಕದಲ್ಲಿ 100 ಡೆಸಿಬಲ್ ದಾಟುವುದು ಸಾಮಾನ್ಯ, ಆ ಮಟ್ಟದಲ್ಲಿ ಸುರಕ್ಷಿತ ಸಮಯವೆಂದು ಉಳಿಯುವುದು ಕಾಲು ಗಂಟೆ ಮಾತ್ರ.

ಕೊನೆಯದಾಗಿ ತಮ್ಮಲ್ಲಿ ಒಂದು ಬಿನ್ನಹ. ಸಂಗೀತೋಪಕರಣಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಲೇಖನ ಪ್ರಕಟವಾಗುವಾಗ ವ್ಯಾಟ್ ಸಂಖ್ಯೆಯ ಪಕ್ಕದಲ್ಲಿ ಅದು ಎಷ್ಟು ಓಮ್‌ಗೆ ಅಳೆದದ್ದು, ನಿರಂತರ ಶಕ್ತಿಯೋ ಗರಿಷ್ಠವೋ ಎಂಬುದನ್ನೂ, ಸ್ಪೀಕರಿನ ಸೆನ್ಸಿಟಿವಿಟಿ, ಇಳಿಯುವ ಹರ್ಟ್ಸ್ ಮತ್ತು ಒಟ್ಟು ತೂಕವನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಮುದ್ರಿಸಿ. ಮನೆಯಲ್ಲಿ ಕುಳಿತು ಓದುವ ಹದಿಹರೆಯದ ವಾದಕನೊಬ್ಬ ಅಂಗಡಿಗೆ ಹೋಗುವಾಗ ಆ ಚೂರನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹೋಗಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಬೇಸ್ ಗಿಟಾರ್ ವಾದಕ