ಇನ್ನು ಮುಂದೆ ಪ್ಯಾರಾಮೀಟರ್‌ಗಳು ಸ್ಟ್ಯಾಕ್‌ನಲ್ಲಿ ಅಲ್ಲ, ರಿಜಿಸ್ಟರ್‌ಗಳಲ್ಲಿ: ಗ್ರಾಹಕರಿಗೆ ಪತ್ರ

ನಮ್ಮ ಅಸೆಂಬ್ಲಿ ಲೈಬ್ರರಿ ಬಳಸುವ ಎಲ್ಲರಿಗೂ ನಮಸ್ಕಾರ.

ಮುಂದಿನ ಆವೃತ್ತಿಯಿಂದ ನಮ್ಮ ಪ್ರೊಸೀಜರ್‌ಗಳನ್ನು ಕರೆಯುವ ರೀತಿ ಬದಲಾಗುತ್ತದೆ. ಲಿನಕ್ಸ್‌ನ 64 ಬಿಟ್ ಲೈಬ್ರರಿಗೆ ಮಾತ್ರ ಇದು ಅನ್ವಯ. ಇಲ್ಲಿಯವರೆಗೆ ನೀವು ಪ್ಯಾರಾಮೀಟರ್‌ಗಳನ್ನೆಲ್ಲ (ಪ್ರೊಸೀಜರ್‌ಗೆ ಕೊಡುವ ಬೆಲೆಗಳನ್ನು) ಬಲದಿಂದ ಎಡಕ್ಕೆ ಸ್ಟ್ಯಾಕ್‌ಗೆ, ಅಂದರೆ ಮೆಮೊರಿಯಲ್ಲಿ ಒಂದರ ಮೇಲೊಂದು ಪೇರಿಸುವ ಜಾಗಕ್ಕೆ, ಪುಶ್ ಮಾಡಿ ಕಾಲ್ ಕೊಡುತ್ತಿದ್ದಿರಿ. 32 ಬಿಟ್ ಕಾಲದ ಆ ಅಭ್ಯಾಸವನ್ನು ನಾವು ಹಾಗೇ ಉಳಿಸಿಕೊಂಡಿದ್ದೆವು. ಇನ್ನು ಮುಂದೆ ಸಿಸ್ಟಮ್ ವಿ ಪದ್ಧತಿ, ಅಂದರೆ 64 ಬಿಟ್ ಲಿನಕ್ಸ್‌ನಲ್ಲಿ ಪ್ರೊಸೀಜರ್ ಕರೆಯುವ ರೂಢಿಯ ನಿಯಮ. ಪೂರ್ಣಾಂಕ ಅಥವಾ ಪಾಯಿಂಟರ್ ಆದರೆ ಮೊದಲ ಆರು ಪ್ಯಾರಾಮೀಟರ್‌ಗಳು ಕ್ರಮವಾಗಿ ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್‌ಸಿಎಕ್ಸ್, ಆರ್8, ಆರ್9 ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಜಾಗಗಳಲ್ಲಿ) ಬರಬೇಕು. ಉತ್ತರ ಎಂದಿನಂತೆ ಆರ್‌ಎಎಕ್ಸ್‌ನಲ್ಲಿ ಸಿಗುತ್ತದೆ.

ವೇಗ ಹೆಚ್ಚುತ್ತದೆ ಅಂತ ದೊಡ್ಡದಾಗಿ ಹೇಳಿಕೊಳ್ಳುವುದಿಲ್ಲ. ದೊಡ್ಡ ಬಫರ್ ನಕಲು ಮಾಡುವಾಗ ಮೂರು ಪುಶ್ ಉಳಿತಾಯವಾದರೆ ಗೊತ್ತೇ ಆಗುವುದಿಲ್ಲ. ನಿಜವಾದ ಕಾರಣ ಸಿ ಭಾಷೆ. ಲಿನಕ್ಸ್‌ನಲ್ಲಿ ಸಿ ಕಂಪೈಲರ್ ಇದೇ ಪದ್ಧತಿಯಲ್ಲಿ ಕರೆಯುತ್ತದೆ. ನಮ್ಮದು ಬೇರೆ ಇದ್ದದ್ದರಿಂದ ಸಿ ಬಳಸುವವರು ಪ್ರತಿ ಪ್ರೊಸೀಜರ್‌ಗೂ ನಡುವೆ ಒಂದು ಪುಟ್ಟ ಕೋಡ್ ಬರೆಯಬೇಕಿತ್ತು. ಆ ತಲೆನೋವು ಇನ್ನಿಲ್ಲ.

ಬಫರ್ ನಕಲಿನ ಪ್ರೊಸೀಜರನ್ನೇ ನೋಡಿ. ಮೊದಲು ಉದ್ದ, ಆಮೇಲೆ ಮೂಲ, ಕೊನೆಗೆ ಗುರಿ ಹೀಗೆ ಮೂರು ಪುಶ್ ಇರುತ್ತಿತ್ತು. ಒಳಗೆ ನಾವು ಅವನ್ನು ಆರ್‌ಬಿಪಿ (ಸ್ಟ್ಯಾಕ್‌ನಲ್ಲಿ ನಮ್ಮ ಭಾಗವನ್ನು ಗುರುತಿಸುವ ರಿಜಿಸ್ಟರ್) +16, +24, +32ರಿಂದ ಓದಿ, ಮರಳುವ ಸೂಚನೆಯಾದ ರೆಟ್ 24 ಮೂಲಕ ಸ್ಟ್ಯಾಕ್ ತೆರವು ಮಾಡಿ ಮರಳುತ್ತಿದ್ದೆವು. ಈಗ ಗುರಿಯ ವಿಳಾಸ ಆರ್‌ಡಿಐ, ಮೂಲದ್ದು ಆರ್‌ಎಸ್‌ಐ, ಉದ್ದ ಆರ್‌ಡಿಎಕ್ಸ್. ಬೈಟ್‌ಗಳನ್ನು ಸಾಲಾಗಿ ನಕಲು ಮಾಡುವ ರೆಪ್ ಮೂವ್ಸ್‌ಬಿ ಸೂಚನೆಗೂ ಗುರಿ ಮತ್ತು ಮೂಲ ಇದೇ ಎರಡು ರಿಜಿಸ್ಟರ್‌ಗಳಲ್ಲೇ ಬೇಕು, ಹಾಗಾಗಿ ಉದ್ದವನ್ನು ಆರ್‌ಸಿಎಕ್ಸ್‌ಗೆ ಹಾಕಿದರೆ ಆಯಿತು. ಚೆನ್ನಾಗಿ ಕೂಡಿಬಂತು, ಅಲ್ವಾ?

ಹಳೆಯ ಪುಶ್ ಸಾಲುಗಳನ್ನು ಮಾತ್ರ ಮರೆಯದೆ ತೆಗೆಯಿರಿ. ನಾವು ಈಗ ಸ್ಟ್ಯಾಕ್ ತೆರವು ಮಾಡುವುದಿಲ್ಲ. ಆ 24 ಬೈಟ್ ಹಾಗೇ ಉಳಿದರೆ ನಿಮ್ಮ ರೆಟ್ ಎಲ್ಲಿಗೋ ಹಾರುತ್ತದೆ. ಅಸೆಂಬ್ಲರ್ ಇದನ್ನು ಹಿಡಿಯುವುದಿಲ್ಲ. ಅದಕ್ಕೇ ಹೊಸ ಪ್ರೊಸೀಜರ್‌ಗಳ ಹೆಸರನ್ನೇ ಬದಲಿಸಿದ್ದೇವೆ. ಹಳೆಯ ಆಬ್ಜೆಕ್ಟ್ ಫೈಲ್ ತೆಗೆದುಹಾಕಿ ಲಿಂಕ್ ಮಾಡಿದರೆ, ಬದಲಾಗದೆ ಉಳಿದ ಕರೆಗಳೆಲ್ಲ ಫೈಲ್‌ಗಳನ್ನು ಜೋಡಿಸುವ ಲಿಂಕರ್‌ನಲ್ಲೇ ಸಿಕ್ಕಿಬೀಳುತ್ತವೆ. ಒಂದೇ ಸಲ ಬದಲಿಸಲು ಆಗದವರು ಎರಡೂ ಫೈಲ್‌ಗಳನ್ನು ಒಟ್ಟಿಗೆ ಇಟ್ಟುಕೊಳ್ಳಬಹುದು.

ಜಾಸ್ತಿ ಕಾಟ ಕೊಡುವುದು ಇನ್ನೊಂದು ವಿಷಯ. ಹಳೆಯ ಪ್ರೊಸೀಜರ್‌ಗಳು ಆರ್‌ಎಎಕ್ಸ್ ಬಿಟ್ಟು ತಾವು ಮುಟ್ಟಿದ ರಿಜಿಸ್ಟರ್‌ಗಳನ್ನೆಲ್ಲ ಉಳಿಸಿ ಕೊಡುತ್ತಿದ್ದವು. ಹೊಸವು ಆರ್‌ಬಿಎಕ್ಸ್, ಆರ್‌ಬಿಪಿ, ಆರ್12ರಿಂದ ಆರ್15 ಇಷ್ಟನ್ನು ಮಾತ್ರ ಕಾಪಾಡುತ್ತವೆ. ಆರ್‌ಸಿಎಕ್ಸ್‌ನಲ್ಲಿ ಎಣಿಕೆ ಇಟ್ಟುಕೊಂಡು, ಲೂಪ್ ಸೂಚನೆಯಿಂದ ನಡೆಯುವ ಸುತ್ತಿನ ನಡುವೆ ನಮ್ಮನ್ನು ಕರೆಯುವ ಕೋಡ್ ಎಷ್ಟೋ ಕಡೆ ಇರುತ್ತದೆ. ಕರೆಯಿಂದ ಮರಳುವಷ್ಟರಲ್ಲಿ ಆ ಎಣಿಕೆ ಹೋಗಿರುತ್ತದೆ. ಅದನ್ನು ಆರ್‌ಬಿಎಕ್ಸ್‌ಗೆ ಸಾಗಿಸಿ. ಆದರೆ ನಿಮ್ಮನ್ನು ಕರೆದವರಿಗಾಗಿ ಆರ್‌ಬಿಎಕ್ಸ್‌ನ ಹಳೆಯ ಬೆಲೆಯನ್ನು ನೀವು ಮೊದಲೇ ಉಳಿಸಿಕೊಂಡಿರಬೇಕು.

ಇನ್ನು ಸ್ಟ್ಯಾಕ್ ವಿಳಾಸದ ಜೋಡಣೆ (ಅಲೈನ್‌ಮೆಂಟ್). ಕಾಲ್ ಕೊಡುವ ಹೊತ್ತಿಗೆ ಸ್ಟ್ಯಾಕ್‌ನ ತುದಿ ತೋರಿಸುವ ಆರ್‌ಎಸ್‌ಪಿ 16ರಿಂದ ಭಾಗವಾಗುವಂತಿರಬೇಕು. ನಿಮ್ಮ ಪ್ರೊಸೀಜರ್ ಶುರುವಾಗುವಾಗ ಮರಳುವ ವಿಳಾಸದ 8 ಬೈಟ್ ಆಗಲೇ ಸ್ಟ್ಯಾಕ್ ಮೇಲೆ ಕೂತಿರುತ್ತದೆ. ಆರ್‌ಬಿಪಿ ಪುಶ್ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಏನೂ ಪುಶ್ ಮಾಡದಿದ್ದರೆ ಸುಮ್ನೆ ಆರ್‌ಎಸ್‌ಪಿಯಿಂದ 8 ಕಳೆಯಿರಿ. ಹೊಸ ಪ್ರೊಸೀಜರ್‌ಗಳಲ್ಲಿ ಕೆಲವು ಸ್ಟ್ಯಾಕ್ ಮೇಲೆ 16 ಬೈಟ್ ಒಟ್ಟಿಗೆ ಸಾಗಿಸುವ ಮೂವ್‌ಎಪಿಎಸ್ ಸೂಚನೆ ಬಳಸುತ್ತವೆ. ಜೋಡಣೆ ತಪ್ಪಿದರೆ ಅಲ್ಲೇ ಸೆಗ್ಮೆಂಟೇಶನ್ ಫಾಲ್ಟ್ ಆಗಿ ಪ್ರೋಗ್ರಾಂ ನಿಲ್ಲುತ್ತದೆ.

ಏಳು ಅಥವಾ ಅದಕ್ಕಿಂತ ಹೆಚ್ಚು ಪ್ಯಾರಾಮೀಟರ್ ಬೇಕಾದ ಪ್ರೊಸೀಜರ್‌ಗಳು ನಮ್ಮಲ್ಲಿ ಕಡಿಮೆ. ಅವುಗಳಿಗೆ ಏಳನೆಯದರಿಂದ ಮುಂದಿನವು ಹಳೆಯ ಹಾಗೆ ಸ್ಟ್ಯಾಕ್ ಮೇಲೆಯೇ ಹೋಗುತ್ತವೆ, ತೆರವು ಮಾಡುವುದು ಮಾತ್ರ ನಿಮ್ಮ ಕೆಲಸ.

ವಿಂಡೋಸ್ ಲೈಬ್ರರಿ ಸದ್ಯಕ್ಕೆ ಹಾಗೇ ಇರುತ್ತದೆ. ಅಲ್ಲಿನ ಪದ್ಧತಿಯೇ ಬೇರೆ: ಆರ್‌ಸಿಎಕ್ಸ್, ಆರ್‌ಡಿಎಕ್ಸ್, ಆರ್8, ಆರ್9, ಜೊತೆಗೆ ಕರೆಯುವವರು ಬಿಡಬೇಕಾದ 32 ಬೈಟ್ ಜಾಗ. ಎರಡನ್ನೂ ಒಟ್ಟಿಗೆ ಬದಲಿಸಿ ನಿಮ್ಮನ್ನು ಗೊಂದಲಕ್ಕೆ ದೂಡುವುದು ಬೇಡ ಅನ್ನಿಸಿತು.

ಬದಲಿಸುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ನಮಗೆ ಬರೆಯಿರಿ. ಕಾಲ್‌ಗೆ ಮುಂಚಿನ ಸಾಲುಗಳನ್ನೂ, ಡೀಬಗರ್‌ನಲ್ಲಿ ಆ ಹೊತ್ತಿಗೆ ಕಂಡ ಆರ್‌ಎಸ್‌ಪಿ ಬೆಲೆಯನ್ನೂ ಕಳಿಸಿದರೆ ಬೇಗ ನೋಡಿ ಹೇಳುತ್ತೇವೆ.

ಇಂತಿ,
ಲೈಬ್ರರಿ ತಂಡ