ಹಳೆಯ ಕಾರುಗಳ ತಪಾಸಣೆ ತಳದಿಂದ ಆರಂಭವಾಗಲಿ

ಮಾನ್ಯ ಸಂಪಾದಕರೇ,

ಹದಿನೈದು ವರ್ಷ ದಾಟಿದ ಖಾಸಗಿ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರವು 2022ರ ಏಪ್ರಿಲ್‌ನಿಂದ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿಸಿತು. 2025ರ ಆಗಸ್ಟ್‌ನಲ್ಲಿ ಹೊರಟ ಅಧಿಸೂಚನೆಯು ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ರೂಪಾಯಿ ಮಾಡಿತು. ಈ ಮೊತ್ತದ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಕರಾವಳಿಯಲ್ಲಿ ಇಪ್ಪತ್ತರ ಅಂಚಿನಲ್ಲಿರುವ ಸಣ್ಣ ಹ್ಯಾಚ್‌ಬ್ಯಾಕ್ ಒಂದನ್ನು ಓಡಿಸುತ್ತಿರುವ ನನ್ನನ್ನು ಅದಕ್ಕಿಂತ ಹೆಚ್ಚಾಗಿ ಕಾಡುತ್ತಿರುವುದು, ನವೀಕರಣಕ್ಕೆ ಮುನ್ನ ಕಾರಿನ ಯಾವ ಭಾಗವನ್ನು ನೋಡಬೇಕು, ಎಷ್ಟು ವರ್ಷಕ್ಕೊಮ್ಮೆ ನೋಡಬೇಕು ಎಂಬ ಪ್ರಶ್ನೆ.

ಹಳೆಯ ಕಾರಿನ ದೋಷಗಳೆಲ್ಲ ಒಂದೇ ತೂಕದವಲ್ಲ. ಬಿಸಿಲಿಗೆ ಬಾನೆಟ್ ಮತ್ತು ಮಾಡಿನ ಮೇಲಿನ ಪಾರದರ್ಶಕ ಲೇಪ ಸುಲಿದು ಬಣ್ಣ ಮಂಕಾಗುತ್ತದೆ, ಬಂಪರ್ ಬಿಳಿಚಿಕೊಳ್ಳುತ್ತದೆ, ಬಾಗಿಲಿನ ಮೇಲೆ ಗೀರುಗಳು ಉಳಿಯುತ್ತವೆ. ಇವು ಕಣ್ಣಿಗೆ ಹಿತವಲ್ಲದಿದ್ದರೂ ಪ್ರಯಾಣಿಕರಿಗೆ ಅಪಾಯ ತರುವುದಿಲ್ಲ. ಹೆಡ್‌ಲೈಟ್‌ನ ಪ್ಲಾಸ್ಟಿಕ್ ಹಳದಿಗಟ್ಟುವುದನ್ನು ಮಾತ್ರ ಈ ಪಟ್ಟಿಗೆ ಸೇರಿಸಬಾರದು. ಬೆಳಕು ರಸ್ತೆಗೆ ಬೀಳದೆ ಚದುರಿ, ಮಳೆಯ ರಾತ್ರಿಯಲ್ಲಿ ಪಾದಚಾರಿಗಳು ಕಾಣುವುದೇ ಕಷ್ಟವಾಗುತ್ತದೆ.

ನಿಜವಾದ ಅಪಾಯವಿರುವುದು ತುಕ್ಕಿನಲ್ಲಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಉಡುಪಿ ಜಿಲ್ಲೆಯಲ್ಲಿ ತುಕ್ಕು ಹೆಚ್ಚಾಗಿ ಒಳಗೆ ಹುಟ್ಟಿ ಹೊರಗೆ ಬರುತ್ತದೆ. ಬಾಗಿಲಿನ ಗಾಜಿಗೆ ತಾಗಿದ ಬೀಡಿಂಗ್ ರಬ್ಬರ್ ಗಟ್ಟಿಯಾಗಿ ಬಿರುಕುಬಿಟ್ಟ ಮೇಲೆ ಮಳೆನೀರು ಬಾಗಿಲಿನೊಳಕ್ಕೆ ಇಳಿಯುತ್ತದೆ. ಅದು ಹರಿದುಹೋಗಲೆಂದೇ ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆಯಾದರೂ ಅವುಗಳಲ್ಲಿ ಕೆಮ್ಮಣ್ಣಿನ ಕೆಸರು ಕಟ್ಟಿಕೊಂಡರೆ ನೀರು ಅಲ್ಲೇ ನಿಲ್ಲುತ್ತದೆ. ಮುಂಗಾಜಿನ ಬುಡದಲ್ಲಿ, ವೈಪರ್‌ಗಳ ಕೆಳಗಿರುವ ಜಾಲರಿಯೊಳಗೆ ತರಗೆಲೆ ಸೇರಿಕೊಂಡರೆ ನೀರು ದಾರಿ ತಪ್ಪಿ ಕಾರಿನೊಳಕ್ಕೆ ಬಂದು ಮ್ಯಾಟ್‌ಗಳ ಅಡಿಯಲ್ಲಿ ಇಂಗುತ್ತದೆ. ಜೂನ್‌ನಲ್ಲಿ ಒದ್ದೆಯಾದ ಆ ಮ್ಯಾಟ್ ಸೆಪ್ಟೆಂಬರ್‌ವರೆಗೂ ಒಣಗುವುದಿಲ್ಲ. ಅಷ್ಟರಲ್ಲಿ ಅದರ ಕೆಳಗಿನ ತಗಡು ಪದರು ಪದರಾಗಿ ಏಳತೊಡಗಿರುತ್ತದೆ.

ಲಾರಿಗೆ ಇರುವಂತೆ ಈ ಸಣ್ಣ ಕಾರುಗಳಿಗೆ ಭಾರ ಹೊರುವ ಪ್ರತ್ಯೇಕ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ಇರುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ತಗಡಿನ ಬಾಡಿಯೇ ಭಾರವನ್ನೆಲ್ಲ ಹೊರುತ್ತದೆ. ಸೀಟ್ ಬೆಲ್ಟಿನ ಬೋಲ್ಟುಗಳು, ಮುಂದಿನ ಶಾಕ್ ಅಬ್ಸಾರ್ಬರ್‌ಗಳ ಮೇಲ್ತುದಿ, ಹಿಂದಿನ ಸಸ್ಪೆನ್ಶನ್‌ನ ಹಿಡಿತ ಎಲ್ಲವೂ ಅದೇ ತಗಡಿಗೆ ಬಿಗಿದಿರುತ್ತವೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಾಕಾರದ ಭಾಗ ಒಳಗಿನಿಂದ ಟೊಳ್ಳಾದರೆ, ಬದಿಯಿಂದ ಗುದ್ದಿದ ಪೆಟ್ಟನ್ನು ತಡೆಯುವ ಶಕ್ತಿ ಕಾರಿಗೆ ಉಳಿಯುವುದಿಲ್ಲ. ಹೀಗಿದ್ದರೂ ಮಾರಾಟಕ್ಕೆ ಬರುವ ಎಷ್ಟೋ ಕಾರುಗಳಲ್ಲಿ ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ವೆಲ್ಡ್ ಮಾಡುವ ಬದಲು ಅದರ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದಿರುತ್ತಾರೆ. ಹೊಸದರಂತೆ ಹೊಳೆಯುವ ಅಂಥ ಕಾರನ್ನು ಕೊಳ್ಳುವವರು ಹೆಚ್ಚಾಗಿ ಮೊದಲ ಸಲ ಕಾರು ಕೊಳ್ಳುತ್ತಿರುವ, ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದ ಕುಟುಂಬಗಳು. ಅವರಿಗೆ ನನ್ನ ಸಲಹೆಯೆಂದರೆ, ಸಣ್ಣ ಅಯಸ್ಕಾಂತವೊಂದನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳ ಅಂಚಿಗೂ ಚಕ್ರದ ಮೇಲಿನ ಕಮಾನಿಗೂ ಹಿಡಿದು ನೋಡಿ. ಪುಟ್ಟಿ ದಪ್ಪವಾಗಿರುವಲ್ಲಿ ಅದು ಅಂಟುವುದಿಲ್ಲ.

ಎಂಜಿನ್ನಿನ ವಿಷಯದಲ್ಲಿ ನನಗೆ ಇಷ್ಟು ಆತಂಕವಿಲ್ಲ. ನನ್ನ ಕಾರಿನ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಸಿಗ್ನಲ್‌ನಲ್ಲಿ ನಿಂತಾಗ ನಡುಗುತ್ತದೆ. ಅದನ್ನು ಹಿಡಿದಿರುವ ಮೌಂಟಿಂಗ್ ರಬ್ಬರ್‌ಗಳು ಗಟ್ಟಿಯಾದಂತೆ ನಡುಕ ಸ್ಟೀರಿಂಗ್‌ಗೂ ಬರುತ್ತದೆ. ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿದಾಗ ಎಸಿ ಹಾಕಿದೊಡನೆ ಎಂಜಿನ್ ಆಫ್ ಆಗುವಂತಾಗುತ್ತದೆ. ಪ್ಲಗ್ ವೈರ್‌ಗಳು ಹಳತಾದರೆ ಜಡಿಮಳೆಯಲ್ಲಿ ಮಿಸ್ಸಿಂಗ್, ಅಂದರೆ ಎಂಜಿನ್ ತಡೆತಡೆದು ಓಡುವುದು, ಶುರುವಾಗುತ್ತದೆ. ಚಾರ್ಮಾಡಿ ಘಾಟಿ ಹತ್ತುವಾಗ ಪಿಕಪ್ ಸಾಲದೆ ಎಸಿ ಆರಿಸಿ ಎರಡನೇ ಗೇರ್‌ನಲ್ಲೇ ಸಾಗಬೇಕಾಗುತ್ತದೆ. ಕಾರಿನ ಸ್ವಭಾವವನ್ನು ಅರಿತ ಚಾಲಕನು ಇವುಗಳೊಂದಿಗೆ ಹೊಂದಿಕೊಂಡು ಹೋಗಬಹುದು, ಸಾಮಾನ್ಯ ಮೆಕ್ಯಾನಿಕ್ ಕಡಿಮೆ ಖರ್ಚಿನಲ್ಲಿ ಸರಿಪಡಿಸಲೂಬಹುದು. ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುವುದು, ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್ ಬೆಲ್ಟ್ ಬದಲಿಸುವ ಅವಧಿ ಮೀರಿರುವುದು, ಪೆಟ್ರೋಲ್ ವಾಸನೆ ಬರುವುದು ಇವುಗಳಿಗೆ ಮಾತ್ರ ಒಂದು ದಿನದ ವಿನಾಯಿತಿಯನ್ನೂ ಕೊಡಬಾರದು.

ಪೆಟ್ರೋಲ್ ವಾಸನೆಯ ಮಾತಿಗೆ ಈಗ ಇನ್ನಷ್ಟು ಮಹತ್ವ ಬಂದಿದೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಹಳೆಯ ವಿನ್ಯಾಸದ ಕಾರುಗಳಲ್ಲಿ ಇದರಿಂದ ಮೈಲೇಜ್ ಶೇ 6ರಿಂದ 7ರಷ್ಟು ಕಡಿಮೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಮೈಲೇಜ್ ನಷ್ಟವನ್ನು ಸಹಿಸಬಹುದು. ಆದರೆ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕೆಂದು ರೂಪಿಸದ ಹಳೆಯ ರಬ್ಬರ್ ಹೋಸ್‌ಗಳನ್ನೂ ಸೀಲ್‌ಗಳನ್ನೂ ಸವೆಸುತ್ತದೆ. ಆ ಹೋಸ್‌ಗಳಲ್ಲಿ ಹಲವು ಹಾದುಹೋಗುವುದು ಕಾರಿನ ತಳದಲ್ಲಿ, ತುಕ್ಕು ಹಿಡಿಯುವ ಅದೇ ಜಾಗದಲ್ಲಿ.

ಖಾಸಗಿ ಕಾರಿಗೆ ಮೊದಲ ಹದಿನೈದು ವರ್ಷ ನೋಂದಣಿಯ ಚಿಂತೆಯಿಲ್ಲ. ಆಮೇಲೆ ಐದು ವರ್ಷಕ್ಕೊಮ್ಮೆ ನವೀಕರಣ. ಅಂದರೆ ಎರಡು ತಪಾಸಣೆಗಳ ನಡುವೆ ಕರಾವಳಿಯ ಐದು ಮಳೆಗಾಲಗಳು ಕಳೆದುಹೋಗುತ್ತವೆ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರನ್ನು ಪ್ರತಿವರ್ಷವೂ ತಪಾಸಣೆಗೆ ಒಯ್ಯಬೇಕು. ಸೀಟ್ ಬೆಲ್ಟ್, ಸಸ್ಪೆನ್ಶನ್ ಮೊದಲಾದವು ಬಾಡಿಗೆ ಜೋಡಣೆಯಾಗುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ತುಕ್ಕು ತಗಡನ್ನು ದುರ್ಬಲಗೊಳಿಸಿದ್ದರೆ ಕಾರು ಅನುತ್ತೀರ್ಣವಾಗುತ್ತದೆ. ನಮ್ಮಲ್ಲೂ ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳಲ್ಲಿ ಹದಿನೈದು ದಾಟಿದ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ತಳದ ತಪಾಸಣೆಯನ್ನು ಕಡ್ಡಾಯ ಮಾಡಬೇಕು. ಬ್ರೇಕ್, ದೀಪ, ಹೊಗೆಗಳನ್ನು ಯಂತ್ರ ಅಳೆಯಬಲ್ಲದು. ತಳದ ತುಕ್ಕನ್ನು ಅರಿಯಲು ಕಾರನ್ನು ರ‍್ಯಾಂಪಿಗೇರಿಸಿ, ಮ್ಯಾಟ್ ಎತ್ತಿ, ಟಾರ್ಚ್ ಹಿಡಿದು, ತಟ್ಟಿ ನೋಡುವ ನುರಿತ ವ್ಯಕ್ತಿಯೇ ಬೇಕು. ಕಂಡ ದೋಷಗಳನ್ನು ಫೋಟೊ ಸಹಿತ ಬರೆದುಕೊಡಬೇಕು, ಕಾರು ಕೈ ಬದಲಾದಾಗ ಆ ವರದಿ ಹೊಸ ಮಾಲೀಕನಿಗೂ ಸಿಗಬೇಕು. ಈಗ ಒಮ್ಮೆಲೇ ವಸೂಲು ಮಾಡುವ ಶುಲ್ಕವನ್ನು ಈ ತಪಾಸಣೆಗಳಿಗೆ ಹಂಚಿದರೆ ಕೊಟ್ಟ ಹಣಕ್ಕೆ ಮಾಲೀಕನಿಗೆ ಏನಾದರೂ ದೊರೆತಂತಾಗುತ್ತದೆ. ತಳ ಸೋತ ಕಾರನ್ನು ನಿಗದಿತ ಅವಧಿಯೊಳಗೆ ದುರಸ್ತಿ ಮಾಡಿಸದಿದ್ದರೆ ಗುಜರಿಗೆ ಕಳುಹಿಸಲೇಬೇಕು. ನನ್ನ ಕಾರಿಗೂ ಈ ನಿಯಮ ಅನ್ವಯವಾಗಲಿ ಎಂದೇ ಹೇಳುತ್ತೇನೆ.

ಮಾರುತಿ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅದರ ಕೊನೆಯ ಕಾರುಗಳಿಗೂ 2029ಕ್ಕೆ ಹದಿನೈದು ತುಂಬುತ್ತದೆ. ಅದರ ಹಿಂದೆಯೇ ಆ ಕಾಲದ ಉಳಿದ ಸಣ್ಣ ಕಾರುಗಳೂ ಸಾಲಾಗಿ ಬರಲಿವೆ. ಆದ್ದರಿಂದ ಸಾರಿಗೆ ಇಲಾಖೆಯು ಈ ವ್ಯವಸ್ಥೆಯನ್ನು ಮೊದಲಿಗೆ ಕರಾವಳಿಯ ಒಂದು ಜಿಲ್ಲೆಯಲ್ಲಾದರೂ ಆರಂಭಿಸಬೇಕೆಂದು ಕೋರುತ್ತೇನೆ. ತಪಾಸಣೆಯನ್ನು ಮಳೆಗಾಲ ಮುಗಿದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಇಟ್ಟುಕೊಂಡು, ತಳದ ಕೆಸರನ್ನು ತೊಳೆದು ತಂದ ಕಾರುಗಳನ್ನಷ್ಟೇ ಸ್ವೀಕರಿಸುವುದು ಒಳ್ಳೆಯದು.

ಇತಿ,
ಓರ್ವ ಓದುಗ, ಕುಂದಾಪುರ